ದನಿ ಒಬ್ಬರದು, ಕೈ ಇನ್ನೊಬ್ಬರದು: ಅಂಗವೈಕಲ್ಯವುಳ್ಳ ಮಕ್ಕಳ ಸಂಗೀತ ನಾಟಕ ರೂಪುಗೊಳ್ಳುವ ಬಗೆ

ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾ ನಗರದಲ್ಲಿ ಆಂಡ್ರ್ಯೂ ಮಾರ್ಗನ್ ಎಂಬ ಮಕ್ಕಳ ವೈದ್ಯರು 2004ರಲ್ಲಿ ‘ಪೆಂಗ್ವಿನ್ ಪ್ರಾಜೆಕ್ಟ್’ ಎಂಬ ನಾಟಕ ಯೋಜನೆಯನ್ನು ಆರಂಭಿಸಿದರು. ಡೌನ್ ಸಿಂಡ್ರೋಮ್, ಆಟಿಸಂ, ಸೆರೆಬ್ರಲ್ ಪಾಲ್ಸಿ, ದೃಷ್ಟಿದೋಷ, ಶ್ರವಣದೋಷ ಮೊದಲಾದ ತೊಡಕುಗಳಿರುವ, 10ರಿಂದ 24 ವರ್ಷದವರೆಗಿನ ಮಕ್ಕಳು ಮತ್ತು ತರುಣರೇ ಅದರ ನಟರು. ಅವರು ಆಡುವುದು ನ್ಯೂಯಾರ್ಕಿನ ಹೆಸರಾಂತ ವೃತ್ತಿ ರಂಗಮಂದಿರಗಳ ತಾಣವಾದ ಬ್ರಾಡ್‌ವೇಯಲ್ಲಿ ಹೆಸರು ಮಾಡಿದ, ಹಾಡು ಕುಣಿತ ಸಂಭಾಷಣೆಗಳೆಲ್ಲ ತುಂಬಿದ ಸಂಗೀತ ನಾಟಕಗಳನ್ನು. ಸುಮಾರು ನಾಲ್ಕು ತಿಂಗಳ ತಾಲೀಮಿನ ಉದ್ದಕ್ಕೂ ಪ್ರತಿ ನಟನಿಗೂ ಅದೇ ವಯಸ್ಸಿನ, ಅಂಗವೈಕಲ್ಯವಿಲ್ಲದ ಒಬ್ಬ ಜೊತೆಗಾರ ಇರುತ್ತಾನೆ, ಮತ್ತು ಪ್ರದರ್ಶನದ ದಿನವೂ ಆ ಜೊತೆಗಾರ ವೇಷ ಧರಿಸಿ ಪಕ್ಕದಲ್ಲೇ ರಂಗಕ್ಕೆ ಬರುತ್ತಾನೆ. ಒಂದು ಊರಿನಲ್ಲಿ ಆರಂಭವಾದ ಈ ಪದ್ಧತಿಯನ್ನು ಈಗ ಅಮೆರಿಕದ ಹಲವಾರು ಊರುಗಳ ನಾಟಕ ತಂಡಗಳು ಅನುಸರಿಸುತ್ತಿವೆ.

ನಮ್ಮಲ್ಲಿ ಶಾಲಾ ವಾರ್ಷಿಕೋತ್ಸವದ ನಾಟಕಗಳನ್ನು ನೋಡಿದವರಿಗೆ ಇದರ ಮಹತ್ವ ಬೇಗ ಅರ್ಥವಾಗುತ್ತದೆ. ಗಾಲಿಕುರ್ಚಿಯ ಮಗುವಿಗೆ ಒಂದೋ ಮರದ ಪಾತ್ರ, ಇಲ್ಲವೇ ಮುಂದಿನ ಸಾಲಿನಲ್ಲಿ ಒಂದು ಆಸನ. ಮಾತು ತಡವಾಗಿ ಬರುವ ಮಗುವಿಗೆ ಹಿಂದಿನ ಸಾಲಿನಲ್ಲಿ ತುಟಿ ಆಡಿಸುವ ಕೆಲಸ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ನಾಟಕದ ವೇಗ, ಮಾತು, ಚಲನೆ ಎಲ್ಲವೂ ಮೊದಲೇ ನಿಗದಿಯಾಗಿವೆ, ಮಗು ಅದಕ್ಕೆ ಹೊಂದಬೇಕು, ಹೊಂದದಿದ್ದರೆ ಪಕ್ಕಕ್ಕೆ ಸರಿಯಬೇಕು ಎಂಬ ನಂಬಿಕೆಯಿಂದ ಹಾಗಾಗುತ್ತದೆ. ಎಲ್ಲರನ್ನೂ ಒಳಗೊಳ್ಳುವ ಸಂಗೀತ ನಾಟಕ ಈ ಕ್ರಮವನ್ನು ತಿರುಗಿಸುತ್ತದೆ. ಮಗುವಿನ ದೇಹ ಮತ್ತು ಮನಸ್ಸು ಇರುವಂತೆಯೇ ಇರುತ್ತವೆ, ತಾಲೀಮು, ತಾಳ, ಸೂಚನೆ, ರಂಗಸಜ್ಜಿಕೆಗಳು ಅದಕ್ಕೆ ತಕ್ಕಂತೆ ಮಾರ್ಪಡುತ್ತವೆ. ಹೇಳಲು ಒಂದು ವಾಕ್ಯ ಸಾಕು, ಆದರೆ ಮಾಡುವ ಕೆಲಸ ಬಹಳ ಸೂಕ್ಷ್ಮವಾದದ್ದು.

ಜೊತೆಗಾರನ ಕೆಲಸವನ್ನೇ ತೆಗೆದುಕೊಳ್ಳೋಣ. ಡೌನ್ ಸಿಂಡ್ರೋಮ್ ಇರುವ ಹದಿಮೂರು ವರ್ಷದ ಹುಡುಗಿಯೊಬ್ಬಳಿಗೆ ರಾಣಿಯ ಪಾತ್ರ ಸಿಕ್ಕಿದೆ ಎಂದು ಕಲ್ಪಿಸಿಕೊಳ್ಳಿ. ಮೊದಲ ವಾರ ಅವಳ ಜೊತೆಗಾತಿ ಎದುರು ಕುಳಿತು ಪ್ರತಿ ಸಾಲನ್ನೂ ಪೂರ್ತಿಯಾಗಿ ಹೇಳಿಕೊಡುತ್ತಾಳೆ. ತಿಂಗಳು ಕಳೆಯುವ ಹೊತ್ತಿಗೆ ಸಾಲಿನ ಮೊದಲ ಪದ ಹೇಳಿದರೆ ಸಾಕಾಗುತ್ತದೆ, ಆಮೇಲೆ ಮೊದಲ ಅಕ್ಷರ, ಆಮೇಲೆ ಒಂದು ಉಸಿರು, ಕೊನೆಗೆ ಮುಂಗೈ ಮೇಲೆ ಬೆರಳಿನ ಒಂದು ತಟ್ಟು. ಪ್ರದರ್ಶನದ ರಾತ್ರಿ ಅವಳು ರಾಣಿಗಿಂತ ಅರ್ಧ ಹೆಜ್ಜೆ ಹಿಂದೆ, ದಾಸಿಯ ವೇಷದಲ್ಲಿ, ಏನೂ ಹೇಳದೆ ನಿಂತಿರಲೂಬಹುದು. ವಿಶೇಷ ಶಿಕ್ಷಣದಲ್ಲಿ ತೊಡಗಿರುವವರು ಇದನ್ನು ಸೂಚನೆಗಳನ್ನು ಹಂತಹಂತವಾಗಿ ಹಿಂದೆಗೆಯುವುದು ಎನ್ನುತ್ತಾರೆ. ಇಲ್ಲಿ ಎರಡು ತಪ್ಪುಗಳಿಗೆ ಅವಕಾಶವಿದೆ. ಸಹಾಯವನ್ನು ತೀರ ಬೇಗ ಹಿಂದೆಗೆದರೆ ಮಗು ರಂಗದ ಮೇಲೆ ಒಂಟಿಯಾಗುತ್ತದೆ. ಹಿಂದೆಗೆಯದೇ ಹೋದರೆ ಜೊತೆಗಾರನೇ ಪಾತ್ರ ಮಾಡಿ ಮಗು ಅವನ ಪಕ್ಕದ ಗೊಂಬೆಯಾಗುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ ಎಂದು ನನಗನಿಸುತ್ತದೆ, ಏಕೆಂದರೆ ಅದು ಹೊರಗಿನಿಂದ ನೋಡುವವರಿಗೆ ಒಳ್ಳೆಯತನದಂತೆಯೇ ಕಾಣುತ್ತದೆ.

ಇಂತಹ ಕೆಲಸಕ್ಕೆ ಬರಿಯ ಮಾತಿನ ನಾಟಕಕ್ಕಿಂತ ಸಂಗೀತ ನಾಟಕ ಹೆಚ್ಚು ಒಗ್ಗುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಗದ್ಯದಲ್ಲಿ ಒಂದು ಮಾತು ಮರೆತರೆ ಮುಂದಿನ ದಾರಿಯೇ ಕಾಣುವುದಿಲ್ಲ, ಹಾಡಿನಲ್ಲಿ ತಾಳವೇ ಕೈಹಿಡಿದು ಮುಂದಕ್ಕೆ ನಡೆಸುತ್ತದೆ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ, ಬೇರೆ ಕಡೆ ಬೇಸರ ತರಿಸುವ ಪುನರಾವರ್ತನೆ ಇಲ್ಲಿ ಕಲೆಯ ಭಾಗವೇ ಆಗಿರುತ್ತದೆ. ತೊದಲುವ ಬಹುತೇಕ ಜನ ಹಾಡುವಾಗ ತೊದಲುವುದಿಲ್ಲ ಎಂಬುದು ವಾಕ್‌ಚಿಕಿತ್ಸಕರಿಗೆ ಬಹಳ ಕಾಲದಿಂದ ತಿಳಿದ ವಿಷಯ. ಮೆದುಳಿನ ಆಘಾತದಿಂದ ಮಾತು ಕಳೆದುಕೊಂಡವರಿಗೆ ರಾಗದ ಏರಿಳಿತದಲ್ಲಿ ಪದಗಳನ್ನು ಮರಳಿ ಕಲಿಸುವ ಚಿಕಿತ್ಸಾಕ್ರಮವೊಂದು 1973ರಷ್ಟು ಹಿಂದೆಯೇ ರೂಪುಗೊಂಡಿತ್ತು. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಾಟಕ ಚಿಕಿತ್ಸೆಯಲ್ಲ. ಮಗುವಿನ ಮಾತು ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು. ಎಷ್ಟು ಸುಧಾರಿಸಿತು ಎಂದು ಅಳೆಯುವುದಕ್ಕಾಗಿ ಉಳಿದ ಮಕ್ಕಳನ್ನು ಯಾರೂ ನಾಟಕಕ್ಕೆ ಸೇರಿಸುವುದಿಲ್ಲ, ಹಾಗಾಗಿ ಈ ಮಕ್ಕಳಿಗೂ ಆ ಅಳತೆಗೋಲು ಬೇಡ.

ಸಂಗೀತ ಜೀವಂತವಾಗಿದ್ದಾಗ ಮಾತ್ರ ಈ ಅನುಕೂಲ ಪೂರ್ತಿ ದಕ್ಕುತ್ತದೆ. ಮೊದಲೇ ಧ್ವನಿಮುದ್ರಿಸಿದ ಸಂಗೀತ ಯಾರಿಗೂ ಕಾಯುವುದಿಲ್ಲ, ಅದಕ್ಕೆ ಹೆಜ್ಜೆ ಹಾಕಲಾಗದ ಮಗು ಎರಡು ತಾಳ ಹಿಂದೆ ಬಿದ್ದರೆ ಹಾಡು ಮುಗಿಯುವವರೆಗೂ ಹಿಂದೆಯೇ. ಬ್ರಾಡ್‌ವೇಯ ಸ್ವರಲಿಪಿಗಳಲ್ಲಿ ‘ವ್ಯಾಂಪ್’ ಎಂಬ ಏರ್ಪಾಡು ಇರುತ್ತದೆ: ನಟ ಸಿದ್ಧನಾಗುವವರೆಗೆ ವಾದ್ಯದವರು ಒಂದೆರಡು ಆವರ್ತಗಳನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತಾರೆ, ಅವನು ಬಾಯಿ ತೆರೆದೊಡನೆ ಮುಂದಕ್ಕೆ ಸಾಗುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರರು ಮಾಡುತ್ತಿದ್ದದ್ದೂ ಇದನ್ನೇ. ರಂಗದ ಎದುರು ಕುಳಿತು, ನಟನ ಮುಖವನ್ನೇ ನೋಡುತ್ತ, ಅವನು ಸ್ವರ ಹಿಡಿಯುವವರೆಗೆ ಶ್ರುತಿ ಬಿಡದೆ ಕಾಯುತ್ತಿದ್ದರು. ನಾಟಕದ ಮೇಷ್ಟರು ಯಾರೇ ಆಗಲಿ, ಅಂಗವೈಕಲ್ಯವುಳ್ಳ ಮಕ್ಕಳ ನಾಟಕಕ್ಕೆ ಇರುವ ಹಣದಲ್ಲಿ ಒಂದೇ ಒಂದು ಖರ್ಚು ಮಾಡಲು ಸಾಧ್ಯವೆಂದರೆ, ದೀಪಕ್ಕಾಗಲಿ ವೇಷಕ್ಕಾಗಲಿ ಮಾಡುವ ಮೊದಲು, ಎದುರು ಕುಳಿತು ಕಾಯಬಲ್ಲ ಒಬ್ಬ ಹಾರ್ಮೋನಿಯಂ ವಾದಕನಿಗಾಗಿ ಮಾಡಬೇಕು.

ಇನ್ನು ಕಿವುಡರ ಸಂಗೀತ ನಾಟಕ. ಕೇಳದವರು ಹಾಡುವುದು ಹೇಗೆ ಎಂಬ ಪ್ರಶ್ನೆಗೆ ಲಾಸ್ ಏಂಜಲೀಸಿನ ‘ಡೆಫ್ ವೆಸ್ಟ್ ಥಿಯೇಟರ್’ ಕೊಟ್ಟ ಉತ್ತರ ಈ ಇಡೀ ಕ್ಷೇತ್ರದ ದಿಕ್ಕನ್ನು ಬದಲಿಸಿತು. ಎಡ್ ವಾಟರ್‌ಸ್ಟ್ರೀಟ್ ಎಂಬ ಕಿವುಡ ರಂಗಕರ್ಮಿ 1991ರಲ್ಲಿ ಸ್ಥಾಪಿಸಿದ ಈ ತಂಡ, ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್ ಕಥೆಯನ್ನು ಆಧರಿಸಿದ ‘ಬಿಗ್ ರಿವರ್’ ಎಂಬ ಸಂಗೀತ ನಾಟಕವನ್ನು 2001ರಲ್ಲಿ ಮಾಡಿತು, 2003ರಲ್ಲಿ ಅದು ಬ್ರಾಡ್‌ವೇಗೆ ಹೋಯಿತು. ಹಕ್ ಎಂಬ ಹುಡುಗನ ಪಾತ್ರವನ್ನು ಕಿವುಡ ನಟ ಟೈರೋನ್ ಜಿಯೋರ್ಡಾನೊ ಅಮೆರಿಕನ್ ಸನ್ನೆ ಭಾಷೆಯಲ್ಲಿ ಅಭಿನಯಿಸಿದರು. ಅವರ ಮಾತು ಮತ್ತು ಹಾಡುಗಳಿಗೆ ದನಿಯಾದವರು, ಅದೇ ರಂಗದಲ್ಲಿ ಕಥೆ ಹೇಳುವ ಲೇಖಕನ ಪಾತ್ರದಲ್ಲಿದ್ದ ಡೇನಿಯಲ್ ಜೆಂಕಿನ್ಸ್. ಕಥೆಗಾರನ ದನಿ ಅವನೇ ಸೃಷ್ಟಿಸಿದ ಹುಡುಗನ ಬಾಯಿಗೆ ಬರುವುದರಲ್ಲಿ ಅಸಹಜವಾದದ್ದು ಏನೂ ಇರಲಿಲ್ಲ. ಈ ಜೆಂಕಿನ್ಸ್ 1985ರಲ್ಲಿ ಆ ನಾಟಕ ಮೊದಲು ಬ್ರಾಡ್‌ವೇಗೆ ಬಂದಾಗ ಸ್ವತಃ ಹಕ್ ಆಗಿದ್ದವರು ಎಂಬುದು ಇನ್ನೂ ಒಂದು ಸೊಗಸು. ಹಕ್‌ನ ಕುಡುಕ ತಂದೆಯ ಪಾತ್ರವನ್ನಂತೂ ಇಬ್ಬರು ನಟರು, ಒಬ್ಬ ಕಿವುಡ ಮತ್ತು ಒಬ್ಬ ಕೇಳಬಲ್ಲವ, ಒಟ್ಟಿಗೆ ಒಂದೇ ಮನುಷ್ಯನಾಗಿ ಆಡಿದರು. ಆ ಕಿವುಡ ನಟ ಟ್ರಾಯ್ ಕೊಟ್ಸುರ್ ಅವರಿಗೆ 2022ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು.

ದನಿ ಒಬ್ಬನದು, ದೇಹ ಇನ್ನೊಬ್ಬನದು ಎಂಬ ಈ ಏರ್ಪಾಡು ಕನ್ನಡದ ಪ್ರೇಕ್ಷಕರಿಗೆ ವಿಚಿತ್ರವೆನಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಭಾಗವತರು ಪದ ಹೇಳುತ್ತಾರೆ, ಮುಮ್ಮೇಳದ ವೇಷಧಾರಿ ಅದನ್ನು ಕುಣಿದು ಅಭಿನಯಿಸುತ್ತಾನೆ. ಕರ್ಣನ ಅಳಲು ಭಾಗವತರ ಕಂಠದಲ್ಲಿ, ಅದರ ನೋವು ವೇಷಧಾರಿಯ ಕೈಯಲ್ಲಿ, ಕಣ್ಣಲ್ಲಿ. ರಾತ್ರಿಯಿಡೀ ನೋಡಿದರೂ ಹಾಡಿದವರು ಬೇರೆ, ಆಡಿದವರು ಬೇರೆ ಎಂದು ನಮಗೆ ಅನಿಸುವುದಿಲ್ಲ. ಡೆಫ್ ವೆಸ್ಟ್ ತಂಡಕ್ಕೂ ಯಕ್ಷಗಾನಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕರಾವಳಿ ಮಲೆನಾಡುಗಳಲ್ಲಿ ಬೆಳೆದ ಮಗುವಿಗೆ ಈ ರೂಢಿ ಹುಟ್ಟಿನಿಂದಲೇ ಬಂದಿರುವಾಗ, ಕಿವುಡ ಮಕ್ಕಳ ಹಾಡಿನ ನಾಟಕವನ್ನು ನಮ್ಮಲ್ಲಿ ಅಸಾಧ್ಯವೆಂದು ತಿಳಿಯುವುದಕ್ಕೆ ಯಾವ ಕಾರಣವೂ ಇಲ್ಲ.

ಹಾಗಾದರೆ ಕಿವುಡ ನಟನಿಗೆ ಹಾಡು ಎಲ್ಲಿ ಆರಂಭವಾಯಿತು ಎಂದು ತಿಳಿಯುವುದು ಹೇಗೆ? ಪ್ರೇಕ್ಷಕರಿಗೆ ಕಾಣದ ಜಾಗದಲ್ಲಿ ಹೊತ್ತಿಕೊಳ್ಳುವ ಚಿಕ್ಕ ದೀಪ, ಎದುರಿನ ನಟ ತೆಗೆದುಕೊಳ್ಳುವ ಉಸಿರಿಗೆ ಏರುವ ಭುಜ, ಆಲಿಂಗನದ ನೆಪದಲ್ಲಿ ಬೆನ್ನಿನ ಮೇಲೆ ಬೀಳುವ ತಟ್ಟು, ಮರದ ನೆಲದ ಮೂಲಕ ಅಂಗಾಲಿಗೆ ತಲುಪುವ ಕೆಳಸ್ಥಾಯಿಯ ಕಂಪನ, ಎಲ್ಲಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆ ಎಣಿಸಿ ಎಣಿಸಿ ಮೈಗೆ ಹತ್ತಿದ ತಾಳ. ಭಾಷಾಂತರದ ಕೆಲಸವೂ ಅಷ್ಟೇ ಕಷ್ಟದ್ದು. ಸನ್ನೆ ಭಾಷೆ ಇಂಗ್ಲಿಷಿನ ಪದಗಳನ್ನು ಕೈಯಲ್ಲಿ ತೋರಿಸುವ ಉಪಾಯವಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಹಾಡಿನ ಸಾಲಿನಲ್ಲಿ ಆರು ಪದಗಳಿದ್ದು ಸನ್ನೆಯಲ್ಲಿ ಎರಡೇ ಚಲನೆ ಸಾಕಾಗಬಹುದು, ಆಗ ಆ ಎರಡನ್ನು ಆರು ಪದಗಳ ಹೊತ್ತಿಗೆ ಹಿಗ್ಗಿಸಬೇಕು. ಗಾಯಕ ಒಂದು ಸ್ವರವನ್ನು ಎಂಟು ಮಾತ್ರೆಗಳಷ್ಟು ಎಳೆದರೆ, ಎದೆಯಿಂದ ಹೊರಟ ಕೈ ಆಕಾಶಕ್ಕೆ ಏರಲು ಅಷ್ಟೇ ಹೊತ್ತು ತೆಗೆದುಕೊಳ್ಳಬೇಕು, ಅದೂ ಅರ್ಥ ಕೆಡದಂತೆ, ಏಕೆಂದರೆ ಕೆಲವು ಸನ್ನೆಗಳನ್ನು ನಿಧಾನಗೊಳಿಸಿದರೆ ಅರ್ಥವೇ ಬೇರೆಯಾಗಿಬಿಡುತ್ತದೆ. ‘ಬಿಗ್ ರಿವರ್’ನ ಒಂದು ಹಾಡಿನ ಕೊನೆಯಲ್ಲಿ ವಾದ್ಯ ಮತ್ತು ದನಿ ಥಟ್ಟನೆ ನಿಂತುಹೋಗುತ್ತಿದ್ದವು. ರಂಗದ ಮೇಲಿದ್ದ ಎಲ್ಲರೂ, ಕಿವುಡರೂ ಕೇಳಬಲ್ಲವರೂ, ಪೂರ್ಣ ಮೌನದಲ್ಲಿ ಆ ಪಲ್ಲವಿಯನ್ನು ಕೈಗಳಲ್ಲಿ ಮುಂದುವರಿಸುತ್ತಿದ್ದರು. ಅಷ್ಟು ಹೊತ್ತು ಹಾಡನ್ನು ಕೇಳಿದ್ದ ಪ್ರೇಕ್ಷಕರು ಆ ಕೆಲವು ಕ್ಷಣ ಅದನ್ನು ಕಾಣುತ್ತಿದ್ದರು.

ಅದೇ ತಂಡ 2015ರಲ್ಲಿ ಮೈಕೆಲ್ ಆರ್ಡನ್ ಅವರ ನಿರ್ದೇಶನದಲ್ಲಿ ‘ಸ್ಪ್ರಿಂಗ್ ಅವೇಕನಿಂಗ್’ ಎಂಬ ನಾಟಕವನ್ನು ಬ್ರಾಡ್‌ವೇಗೆ ತಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಜರ್ಮನಿಯಲ್ಲಿ, ಹಿರಿಯರು ಏನನ್ನೂ ಬಿಡಿಸಿ ಹೇಳದ ಕಾರಣ ಹದಿಹರೆಯದವರು ಪಡುವ ಪಾಡು ಅದರ ವಸ್ತು. ಈ ವಸ್ತುವಿಗೆ ಕಿವುಡ ನಟರನ್ನು ತಂದಾಗ ನಾಟಕಕ್ಕೆ ಹೊಸ ಆಳ ಬಂದದ್ದು ಆಕಸ್ಮಿಕವಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಸನ್ನೆಯನ್ನು ಕೈಬಿಡಬೇಕು ಎಂದು ನಿರ್ಣಯಿಸಿತ್ತು. ಆಮೇಲೆ ಹಲವು ದಶಕಗಳ ಕಾಲ ಅನೇಕ ದೇಶಗಳ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಆ ಸಮ್ಮೇಳನ ಪರಂಪರೆಯ ಪ್ರತಿನಿಧಿಗಳು ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಮಾತಾಡಗೊಡದ ಹಿರಿಯರ ಕಥೆಯನ್ನು, ಕೈಯಲ್ಲಿ ಮಾತಾಡಗೊಡದ ಇತಿಹಾಸವಿರುವವರು ಆಡಿದಾಗ ಅಂಗವೈಕಲ್ಯ ನಾಟಕದ ಅರ್ಥದೊಳಗೇ ಸೇರಿಹೋಯಿತು. ಒಳಗೊಳ್ಳುವಿಕೆಯ ಅತ್ಯುತ್ತಮ ಉದಾಹರಣೆ ಎಂದು ನಾನು ಮತ್ತೆ ಮತ್ತೆ ನೆನೆಯುವುದು ಇದನ್ನೇ.

ಅದೇ ನಾಟಕದಲ್ಲಿ ಗಾಲಿಕುರ್ಚಿಯಲ್ಲಿ ರಂಗಕ್ಕೆ ಬಂದ ಆಲಿ ಸ್ಟ್ರೋಕರ್, ಬ್ರಾಡ್‌ವೇಯಲ್ಲಿ ನಟಿಸಿದ ಮೊದಲ ಗಾಲಿಕುರ್ಚಿ ಬಳಕೆದಾರರು ಎಂದು ಗುರುತಿಸಲ್ಪಟ್ಟಿದ್ದಾರೆ. ಎರಡನೆಯ ವಯಸ್ಸಿನಲ್ಲಿ ಕಾರು ಅಪಘಾತದಿಂದ ನಡಿಗೆ ಕಳೆದುಕೊಂಡ ಅವರ ಮೊದಲ ಪಾತ್ರ ಏಳನೆಯ ವಯಸ್ಸಿನಲ್ಲಿ, ಅಕ್ಕಪಕ್ಕದ ಮಕ್ಕಳೆಲ್ಲ ಸೇರಿ ಹಿತ್ತಲಲ್ಲಿ ಆಡಿದ ಸಂಗೀತ ನಾಟಕದ ನಾಯಕಿ. ಆ ಹಿತ್ತಲಿನಲ್ಲಿ ಯಾರೂ ಅವರಿಗೆ ಮರದ ಪಾತ್ರ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. 2019ರಲ್ಲಿ ‘ಓಕ್ಲಹೋಮ’ ನಾಟಕದ ಪಾತ್ರಕ್ಕೆ ಅವರಿಗೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಬಂದಿತು. ಉಳಿದ ವಿಜೇತರು ಪ್ರೇಕ್ಷಕರ ಸಾಲಿನಿಂದ ಎದ್ದು ಮೆಟ್ಟಿಲು ಹತ್ತಿ ವೇದಿಕೆಗೆ ಬಂದರೆ, ಅವರು ಪರದೆಯ ಹಿಂದಿನಿಂದ ಬರಬೇಕಾಯಿತು, ಏಕೆಂದರೆ ಪ್ರೇಕ್ಷಾಗೃಹದಿಂದ ವೇದಿಕೆಗೆ ಇಳಿಜಾರು ದಾರಿ ಇರಲಿಲ್ಲ. ತಮ್ಮನ್ನು ರಂಗದ ಮೇಲೆ ಕಾಣಲು ಕಾಯುತ್ತಿದ್ದ ಅಂಗವೈಕಲ್ಯವುಳ್ಳ ಪ್ರತಿ ಮಗುವಿಗೂ ಅವರು ಆ ಪ್ರಶಸ್ತಿಯನ್ನು ಅರ್ಪಿಸಿದರು. ಆಮೇಲೆ ಪತ್ರಕರ್ತರೊಡನೆ ಮಾತಾಡುತ್ತ, ರಂಗಮಂದಿರಗಳ ಒಡೆಯರು ನೇಪಥ್ಯದ ಭಾಗವನ್ನೂ ಗಾಲಿಕುರ್ಚಿ ಓಡಾಡುವಂತೆ ಮಾಡಬೇಕೆಂದು ಕೇಳಿದರು. ಪ್ರೇಕ್ಷಕರ ಬಾಗಿಲಿಗೆ ಇಳಿಜಾರು ದಾರಿ ಇದ್ದು ಬಣ್ಣದ ಕೋಣೆಗೆ ಇಲ್ಲದಿದ್ದರೆ, ಅಂಗವೈಕಲ್ಯವುಳ್ಳವರು ನೋಡಲು ಬರಬಹುದು, ಆಡಲು ಬರುವವರಲ್ಲ ಎಂದು ಆ ಕಟ್ಟಡ ತೀರ್ಮಾನಿಸಿದಂತೆ. ನಮ್ಮ ಊರುಗಳ ರಂಗಮಂದಿರಗಳಲ್ಲಿ ಬಣ್ಣದ ಕೋಣೆಯಿಂದ ವೇದಿಕೆಗೆ ಎಷ್ಟು ಮೆಟ್ಟಿಲುಗಳಿವೆ ಎಂದು ಒಮ್ಮೆ ಎಣಿಸಿ ನೋಡಿ.

ನೋಡುವವರ ವಿಷಯಕ್ಕೂ ಬರೋಣ. ಆಟಿಸಂ ಇರುವ ಮಕ್ಕಳಿಗೆ ಏಕಾಏಕಿ ಕವಿಯುವ ಕತ್ತಲೆ, ಮಿಂಚುವ ದೀಪ, ಜೋರು ಸದ್ದುಗಳು ಸಹಿಸಲಾಗದಷ್ಟು ತೀವ್ರವಾಗಿ ತಟ್ಟಬಹುದು. ನ್ಯೂಯಾರ್ಕಿನ ಟಿ.ಡಿ.ಎಫ್. (ಥಿಯೇಟರ್ ಡೆವಲಪ್‌ಮೆಂಟ್ ಫಂಡ್) ಸಂಸ್ಥೆ 2011ರಲ್ಲಿ ‘ದಿ ಲಯನ್ ಕಿಂಗ್’ನ ಒಂದು ಪ್ರದರ್ಶನವನ್ನು ಇಂತಹ ಮಕ್ಕಳಿಗೂ ಅವರ ಮನೆಯವರಿಗೂ ಹೊಂದುವಂತೆ ಮಾರ್ಪಡಿಸಿ ಏರ್ಪಡಿಸಿತು. ಇಂಗ್ಲೆಂಡಿನಲ್ಲಿ ಇಂಥವನ್ನು ‘ರಿಲ್ಯಾಕ್ಸ್ಡ್’ ಪ್ರದರ್ಶನಗಳೆನ್ನುತ್ತಾರೆ. ಪ್ರೇಕ್ಷಕರ ಭಾಗದ ದೀಪ ಪೂರ್ತಿ ಆರುವುದಿಲ್ಲ, ಸದ್ದು ತಗ್ಗಿರುತ್ತದೆ, ಎದ್ದು ಓಡಾಡಿದರೆ ಯಾರೂ ಗದರುವುದಿಲ್ಲ, ಹೊರಗೆ ಒಂದು ಶಾಂತವಾದ ಕೋಣೆ ಇರುತ್ತದೆ, ನಾಟಕದಲ್ಲಿ ಏನೇನು ಆಗುತ್ತದೆ ಎಂಬುದನ್ನು ಚಿತ್ರಗಳ ಮೂಲಕ ಮೊದಲೇ ತಿಳಿಸಲಾಗಿರುತ್ತದೆ. ಬಯಲಾಟ ನೋಡಿದವರಿಗೆ ಇದರಲ್ಲಿ ಅರ್ಧ ಪರಿಚಿತವೇ, ಏಕೆಂದರೆ ಅಲ್ಲಿ ಮಕ್ಕಳು ಎದ್ದು ಕಡಲೆಕಾಯಿ ತರಲು ಹೋಗುವುದನ್ನು, ನಿದ್ದೆ ಮಾಡಿ ಎದ್ದು ಮತ್ತೆ ನೋಡುವುದನ್ನು ಯಾರೂ ಅಶಿಸ್ತು ಎನ್ನುವುದಿಲ್ಲ. 2023ರ ಡಿಸೆಂಬರಿನಲ್ಲಿ ಬ್ರಾಡ್‌ವೇಯಲ್ಲಿ ತೆರೆಕಂಡ ‘ಹೌ ಟು ಡಾನ್ಸ್ ಇನ್ ಓಹಾಯೊ’ ಸಂಗೀತ ನಾಟಕದಲ್ಲಿ ಆಟಿಸಂ ಇರುವ ಏಳು ಪಾತ್ರಗಳನ್ನು ಆಟಿಸಂ ಇರುವ ಏಳು ಮಂದಿ ನಟರೇ ಮಾಡಿದರು. ಅದು ಎರಡೇ ತಿಂಗಳು ನಡೆಯಿತಾದರೂ, ಇಂತಹ ಪಾತ್ರಗಳಿಗೆ ತಕ್ಕ ನಟರು ಸಿಗುವುದಿಲ್ಲ ಎಂಬ ನೆಪ ಆಮೇಲೆ ಉಳಿಯಲಿಲ್ಲ.

ಈ ಕ್ಷೇತ್ರದೊಳಗೆ ನಿಜವಾದ ಭಿನ್ನಾಭಿಪ್ರಾಯವೂ ಇದೆ. ಲಂಡನ್ನಿನ ‘ಚಿಕನ್‌ಶೆಡ್’ ಸಂಸ್ಥೆಯನ್ನು ಶಿಕ್ಷಕಿ ಮೇರಿ ವಾರ್ಡ್ ಮತ್ತು ಸಂಗೀತಗಾರ್ತಿ ಜೋ ಕಾಲಿನ್ಸ್ 1974ರಲ್ಲಿ ಆರಂಭಿಸಿದರು. ಮೊದಲ ದಿನಗಳ ತಾಲೀಮು ನಡೆದ ಕೋಳಿ ಕೊಟ್ಟಿಗೆಯ ಹೆಸರೇ ಅದಕ್ಕೆ ಉಳಿಯಿತು. ಅಲ್ಲಿ ಎಲ್ಲ ಬಗೆಯ ಮಕ್ಕಳೂ ಬೆರೆತಿರುತ್ತಾರೆ, ಕ್ರಿಸ್‌ಮಸ್ ನಾಟಕದಲ್ಲಿ ನೂರಾರು ಮಕ್ಕಳು ಸರದಿಯ ತಂಡಗಳಲ್ಲಿ ರಂಗಕ್ಕೆ ಬರುತ್ತಾರೆ. 1980ರಲ್ಲಿ ಹುಟ್ಟಿದ ‘ಗ್ರೇಯೈ’ ತಂಡದ ದಾರಿ ಬೇರೆ. ಅಲ್ಲಿ ಕಿವುಡ ಮತ್ತು ಅಂಗವೈಕಲ್ಯವುಳ್ಳ ಕಲಾವಿದರೇ ನಿರ್ಧಾರ ತೆಗೆದುಕೊಳ್ಳುವವರು. 1997ರಿಂದ ಅದರ ಕಲಾ ನಿರ್ದೇಶಕಿಯಾಗಿ ಕೆಲಸ ಮಾಡಿದ ಜೆನ್ನಿ ಸೀಲಿ ಸ್ವತಃ ಕಿವುಡರು, 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನಾ ಸಮಾರಂಭದ ಇಬ್ಬರು ನಿರ್ದೇಶಕರಲ್ಲಿ ಒಬ್ಬರು. ಸನ್ನೆ, ಅಕ್ಷರರೂಪದ ಮಾತು, ಕಾಣದವರಿಗಾಗಿ ದೃಶ್ಯದ ವಿವರಣೆ ಇವುಗಳನ್ನು ಕೊನೆಗೆ ಅಂಟಿಸದೆ ನಾಟಕದ ರಚನೆಯಲ್ಲೇ ಹೆಣೆಯುವುದು ಅವರ ಪದ್ಧತಿ. ಜೊತೆಗಾರ ಪದ್ಧತಿಯಲ್ಲಿ ಯಾವಾಗಲೂ ಸಹಾಯ ಮಾಡುವವನು ಒಬ್ಬ, ಪಡೆಯುವವನು ಒಬ್ಬ ಎಂಬ ರೂಢಿ ಗಟ್ಟಿಯಾಗಬಹುದು ಎಂಬ ಟೀಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಮೊದಲ ಬಾರಿ ಬಣ್ಣ ಹಚ್ಚುವ ಹನ್ನೆರಡರ ಮಗುವಿಗೆ ಜೊತೆಗಾರನೇ ಸರಿಯಾದ ಬಾಗಿಲು ಎಂದು ನಾನು ನಂಬುತ್ತೇನೆ. ಅದೇ ಮಗು ಇಪ್ಪತ್ತರ ವಯಸ್ಸಿಗೆ ಬಂದಾಗ ನಿರ್ದೇಶಕನ ಕುರ್ಚಿಯೂ ಅದಕ್ಕೆ ಎಟುಕುವಂತಿರಬೇಕು.

ಕರ್ನಾಟಕದಲ್ಲಿ ಅದು ಎಟುಕಿದ ಉದಾಹರಣೆ ಇದೆ, ಮತ್ತು ಅದು ಬ್ರಾಡ್‌ವೇಯ ಈ ಎಲ್ಲ ಬೆಳವಣಿಗೆಗಳಿಗಿಂತ ಹಳೆಯದು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, ಅಂಧ ಮತ್ತು ಅನಾಥ ಮಕ್ಕಳಿಗೆ ಅನ್ನದ ಜೊತೆಗೆ ಸಂಗೀತ ಕೊಟ್ಟರು. ಅವರ ಶಿಷ್ಯ, ಅವರೂ ಅಂಧರೇ ಆದ ಪುಟ್ಟರಾಜ ಗವಾಯಿಗಳು (1914–2010) ಹಲವು ವಾದ್ಯಗಳನ್ನು ನುಡಿಸುತ್ತಿದ್ದರು, ನಾಟಕಗಳನ್ನು ಬರೆದರು, ಗುರುಗಳ ಹೆಸರಿನ ನಾಟ್ಯ ಸಂಘವನ್ನು ನಡೆಸಿದರು. ಹಾಡುಗಳಿಂದ ತುಂಬಿದ ಆ ಕಂಪನಿ ನಾಟಕಗಳ ಗಳಿಕೆ ಆಶ್ರಮದ ಮಕ್ಕಳ ಊಟಕ್ಕೂ ಪಾಠಕ್ಕೂ ಒದಗಿತು. ಕಾಣದ ಗುರು ಬರೆದು, ಸ್ವರ ಹಾಕಿದ ನಾಟಕವನ್ನು ಜನ ಟಿಕೆಟ್ ಕೊಂಡು, ನಾಟಕ ಚೆನ್ನಾಗಿದೆ ಎಂಬ ಕಾರಣಕ್ಕೆ ನೋಡಿದರು. ಕರುಣೆಯ ಚಪ್ಪಾಳೆಗೂ ಮೆಚ್ಚುಗೆಯ ಚಪ್ಪಾಳೆಗೂ ಇರುವ ಅಂತರ ಅಲ್ಲಿಯ ಗಲ್ಲಾಪೆಟ್ಟಿಗೆಗೆ ತಿಳಿದಿತ್ತು.

ಕಾನೂನಿನ ಬೆಂಬಲವೂ ಈಗ ಇದೆ. ಅಂಗವೈಕಲ್ಯವುಳ್ಳವರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅಂಗೀಕರಿಸಿತು. ಅದರ 30ನೆಯ ವಿಧಿ, ಅಂಗವೈಕಲ್ಯವುಳ್ಳವರ ಸೃಜನಶಕ್ತಿ ಬೆಳೆಯಬೇಕಾದದ್ದು ಅವರ ಒಳಿತಿಗಷ್ಟೇ ಅಲ್ಲ, ಸಮಾಜ ಶ್ರೀಮಂತವಾಗಲೂ ಹೌದು ಎನ್ನುತ್ತದೆ. ಅದೇ ಹಕ್ಕುಗಳ ಕುರಿತ 2016ರ ಭಾರತದ ಕಾಯಿದೆಯ 29ನೆಯ ಪ್ರಕರಣ ಇಂತಹ ಕಲಾವಿದರಿಗೆ ನೆರವು ನೀಡುವುದನ್ನೂ, ಅವರು ಭಾಗವಹಿಸುವಂತೆ ಕಲಾ ವಿಷಯಗಳ ಪಠ್ಯಕ್ರಮವನ್ನು ಮರುರೂಪಿಸುವುದನ್ನೂ ಸರ್ಕಾರದ ಹೊಣೆಯಾಗಿಸಿದೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತಹ ಬೇಸಿಗೆ ಶಿಬಿರಗಳು ನಮ್ಮಲ್ಲಿವೆ, ಅದೇ ಊರಿನಲ್ಲಿ 1960ರ ದಶಕದಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ರಂಗದವರೂ ವಾಕ್‌ಶ್ರವಣ ತಜ್ಞರೂ ಒಂದೇ ಊರಿನಲ್ಲಿರುವುದು ಎಲ್ಲ ಕಡೆ ಸಿಗುವ ಅನುಕೂಲವಲ್ಲ.

ರಂಗಗೀತೆಯೊಂದನ್ನು ಭಾರತೀಯ ಸನ್ನೆ ಭಾಷೆಗೆ ತರಲು ಹೊರಟವರು ಮೊದಲು ಎದುರಿಸುವ ಪ್ರಶ್ನೆ ವ್ಯಾಕರಣದ್ದು, ಮತ್ತು ಅದು ಇಂಗ್ಲಿಷಿನವರು ಎದುರಿಸಿದ ಪ್ರಶ್ನೆಗಿಂತ ಬೇರೆ. ನಮ್ಮ ಸನ್ನೆ ಭಾಷೆಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುತ್ತದೆ, ಕನ್ನಡದಲ್ಲೂ ಹಾಗೆಯೇ, ಆದ್ದರಿಂದ ಎಷ್ಟೋ ಸಾಲುಗಳಲ್ಲಿ ದನಿ ಮತ್ತು ಕೈ ಒಂದೇ ಜಾಗದಲ್ಲಿ ಮುಗಿಯುತ್ತವೆ. ಆದರೆ ಪ್ರಶ್ನೆಯ ಸನ್ನೆ ಅಲ್ಲಿ ವಾಕ್ಯದ ತುದಿಗೆ ಬರುತ್ತದೆ. ‘ಅಮ್ಮ ಯಾಕೆ ಬಾಗಿಲು ಮುಚ್ಚಿದಳು’ ಎಂದು ಹಾಡುವ ಹುಡುಗಿಯ ದನಿ ‘ಮುಚ್ಚಿದಳು’ ಎಂಬಲ್ಲಿ ನಿಂತಾಗ, ಅದೇ ಸಾಲನ್ನು ಕೈಯಲ್ಲಿ ಹಾಡುವ ಹುಡುಗಿಗೆ ಅಮ್ಮ, ಬಾಗಿಲು, ಮುಚ್ಚುವುದು ಎಲ್ಲ ಆದಮೇಲೂ ‘ಯಾಕೆ’ ಬಾಕಿ ಉಳಿದಿರುತ್ತದೆ. ಆಗ ಹಾರ್ಮೋನಿಯಂ ವಾದಕ ಕೊನೆಯ ಸ್ವರವನ್ನು ಎರಡು ಮಾತ್ರೆಗಳಷ್ಟು ಬೆಳೆಸಿ ಹಿಡಿದುಕೊಳ್ಳಬೇಕು, ಆ ಕೈ ಪ್ರಶ್ನೆಯನ್ನು ಕೇಳಿ ಮುಗಿಸುವವರೆಗೆ.